ತಾರೀಖು ಮುಂದ ಹೋದ ದಿನಾನೂ ವಕೀಲ್ರ ಫೀ ಕೊಡಬೇಕೇನ್ರಿ?

ಮುಳಗುಂದ ಕಡೆಯವ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅವ್ವಂದು ಗದಗ ಕೋರ್ಟ್‌ನ್ಯಾಗ ವಾಟ್ನಿ ಕೇಸ್ ನಡದೈತಿ. ಅಜ್ಜನ ಹೊಲದಾಗ ತನ್ನ ಪಾಲು ಕೇಳಿ ಆಕಿ ಹಾಕಿದ್ದು, ಎದುರಿನವ್ರು ಸ್ವಂತ ನಮ್ಮ ಸೋದರಮಾವಂದಿರು. ಕೇಸ್ ಹಾಕುವಾಗ ವಕೀಲ್ರು 25 ಸಾವಿರ ತಗೊಂಡ್ರು, ಆಮ್ಯಾಲ ತಾರೀಖಿಗೆ 1,500 ಅಂತ ಮಾತಾತು, ನಾವೂ ಹೂಂ ಅಂದ್ವಿ, ಅದಕ್ಕೇನ ತಕರಾರಿಲ್ಲ.

ಆದ್ರ ಈಗ ನಡಿಯೋದಕ್ಕಿಂತ ಮುಂದ ಹೋಗೋದ ಜಾಸ್ತಿ ಆಗೈತಿ. ಒಮ್ಮೆ ಜಡ್ಜ್ ಸಾಹೇಬ್ರು ರಜಾ, ಒಮ್ಮೆ ಮಾವನ ಕಡೆ ವಕೀಲ್ರು ಟೈಮ್ ಕೇಳ್ತಾರ, ಒಮ್ಮೆ ನಮ್ಮ ವಕೀಲ್ರ ಧಾರವಾಡ ಹೈಕೋರ್ಟ್‌ಗೆ ಹೋಗಿರ್ತಾರ, ಜೂನಿಯರ್ ಹುಡುಗ ಬಂದು ಮುಂದಿನ ತಾರೀಖು ಬರಕೊಂಡು ಹೋಗ್ತಾನ. ಅಂಥ ದಿನಾನೂ ಸಂಜಿಕ ಕ್ಲರ್ಕ್ ಫೋನ್ ಬರ್ತೈತಿ, ಇವತ್ತಿಂದು 1,500 ಹಾಕ್ರಿ ಅಂತ. ಅವ್ವನ ಬಸ್ ಖರ್ಚು ಶಕ್ತಿ ಯೋಜನೆಯೊಳಗ ಹೋಗ್ತೈತಿ ಬಿಡ್ರಿ, ಆದ್ರ ನಾ ಹುಬ್ಬಳ್ಳಿಯೊಳಗ ಗೋಕುಲ ರೋಡ್ ಕಡೆ ಕೆಲ್ಸಾ ಮಾಡಂವ, ಒಂದಿನದ ಪಗಾರ ಬಿಟ್ಟು ಆಕೀನ ಕರ್ಕೊಂಡು ಹೋಗಬೇಕು, ಅಲ್ಲಿ ಕಟ್ಟಿ ಮ್ಯಾಲ ಕುಂತು ಕುಂತು ಕಡೀಕ 'ತಾರೀಖು ಬಿತ್ತು' ಅನ್ನಿಸ್ಕೊಂಡು ವಾಪಸ್ ಬರೋದು. ಏನೂ ಆಗದ ದಿನಕ್ಕೂ ಫೀ ಕೊಡೋದು ನಿಯಮಾನ ಐತೇನ್ರಿ? ಕೇಳೋಣಂದ್ರ, ವಕೀಲ್ರು ಸಿಟ್ಟಾಗಿ ಕೇಸ್ ಕಡೆ ಲಕ್ಷ್ಯ ಬಿಟ್ಟಾರು ಅಂತ ಅವ್ವಗ ಭಾಳ ಹೆದರಿಕಿ.

ಹಳೇಹುಬ್ಬಳ್ಳಿ

ಒಂದ್ ರೂಪಾಯಿ ಕೊಡಬ್ಯಾಡ್ರಿ. ಕೆಲ್ಸಾ ಆಗಿಲ್ಲ ಅಂದ್ಮ್ಯಾಲ ಯಾವ್ದರ ಕೂಲಿ? ಭಾಳ ಒತ್ತಾಯ ಮಾಡಿದ್ರ ಕನ್ಸ್ಯೂಮರ್ ಕೋರ್ಟ್‌ಗೆ ಹಾಕ್ರಿ, ರೊಕ್ಕ ವಾಪಸ್ ಬರ್ತೈತಿ.

ಬ್ಯಾಡಗಿ ರೈತ

ನಮ್ದೂ ಇದ ಹಣೆಬರಹ. ಹೊಲದ ದಾರಿ ಸಲುವಾಗಿ ಹಾವೇರಿ ಕೋರ್ಟ್‌ಗೆ ಅಲೀತಿದ್ದೇವಿ. ಮೆಣಸಿನಕಾಯಿ ಬಿಡಸೋ ಟೈಮಿನ್ಯಾಗ ಆಳು ಬಿಟ್ಟು ಹೋಗಿ ನಿಂತ್ರ, ಪುಕಾರ ಮಾಡಿ ಎರಡ ನಿಮಿಷದಾಗ ಮುಂದಿನ ತಾರೀಖು. ವಕೀಲ್ರಿಗೆ ಕೊಡೋ ರೊಕ್ಕಕ್ಕಿಂತ, ಯಾಕ ಮುಂದ ಹೋತು ಅಂತ ಯಾರೂ ನೆಟ್ಟಗ ಹೇಳಂಗಿಲ್ಲಲ್ಲ, ಅದ ಹೆಚ್ಚು ಸಂಕಟ.

ಕಪ್ಪುಕೋಟು ಧಾರವಾಡ

ನಾನು ಧಾರವಾಡದಾಗ ಸಿವಿಲ್ ಸೈಡ್ ಪ್ರಾಕ್ಟೀಸ್ ಮಾಡ್ತೇನಿ. ಮೊದಲ ಹಳೇಹುಬ್ಬಳ್ಳಿ ಅಣ್ಣಾರ ಮಾತಿಗೆ ಉತ್ತರ ಕೊಟ್ಟುಬಿಡ್ತೇನಿ, ಯಾಕಂದ್ರ ಅದನ್ನ ನಂಬಿ ಯಾರರ ಕೇಸ್ ಹಾಕಿ ಇನ್ನಷ್ಟು ರೊಕ್ಕ ಕಳ್ಕೋಬಾರ್ದು. ವಕೀಲ್ರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗ ಬರಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಮೇ 14ಕ್ಕ ತೀರ್ಪು ಕೊಟ್ಟೈತಿ, ಆ ಬಾಗಿಲು ಮುಚ್ಚೈತಿ. ವಕೀಲ್ರದು ಖರೇನ ದುರ್ನಡತೆ ಇದ್ರ 1961ರ ವಕೀಲರ ಕಾಯ್ದೆ ಕಲಂ 35ರ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ (ಬಾರ್ ಕೌನ್ಸಿಲ್‌ಗೆ) ದೂರು ಕೊಡಬಹುದು, ಆದ್ರ ಮಾತಾಡಿಕೊಂಡ ಫೀ ಕೇಳೋದು ದುರ್ನಡತೆ ಆಗಂಗಿಲ್ಲ.

ಇನ್ನ ಮೂಲ ಪ್ರಶ್ನೆ. ಕೇಸ್ ಮುಂದ ಹೋದ್ರ ಫೀ ಕೊಡಬೇಕು ಅಂತಾಗ್ಲಿ ಕೊಡಬಾರ್ದು ಅಂತಾಗ್ಲಿ ಬಾರ್ ಕೌನ್ಸಿಲ್ ನಿಯಮದಾಗ ಬರದಿಲ್ಲ. ಫೀ ಅನ್ನೋದು ನಿಮ್ಮ ಮತ್ತ ವಕೀಲ್ರ ನಡುವಿನ ಕರಾರು. ತಾರೀಖಿಗೆ ಇಷ್ಟು ಅಂತ ಒಪ್ಪಿದ್ರ, ಕೇಸ್ ಬೋರ್ಡಿಗೆ ಬಂದ ಪ್ರತಿ ದಿನಕ್ಕೂ ಅಂತ ಅವ್ರು ಲೆಕ್ಕಾ ಹಿಡೀತಾರ, ಹಿಡಿದ್ರ ತಪ್ಪು ಅನ್ನಾಕ ಬರಂಗಿಲ್ಲ. ಹಂಗಂತ ನೀವು ಕೇಳಾಕ ಬರಂಗಿಲ್ಲ ಅಂತನೂ ಅಲ್ಲ. ನಮ್ಮ ಆಫೀಸ್‌ನ್ಯಾಗ ನಾ ನೋಡೋದು ಒಂದ, ಯಾರ ಸಲುವಾಗಿ ಮುಂದ ಹೋತು ಅಂತ. ಜಡ್ಜ್ ರಜಾ ಇದ್ದದ್ದು ಹಿಂದಿನ ದಿನಾನ ಗೊತ್ತಾದ್ರ ಪಾರ್ಟಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಸ್ತೇನಿ, ರೊಕ್ಕ ಕೇಳಂಗಿಲ್ಲ. ನನಗ ಬ್ಯಾರೆ ಕೋರ್ಟ್‌ನ್ಯಾಗ ಕೆಲ್ಸಾ ಇದ್ದು ನಾನ ಟೈಮ್ ತಗೊಂಡ್ರಂತೂ ಕೇಳೋ ಪ್ರಶ್ನೇನ ಇಲ್ಲ. ಪಾರ್ಟೀನ ಮಗಳ ಮದುವಿ ಐತ್ರಿ ಮುಂದ ಹಾಕ್ರಿ ಅಂದ್ರ ಪೂರ್ತಿ ತಗೋತೇನಿ, ಯಾಕಂದ್ರ ಆ ದಿನ ನಾ ಅವ್ರ ಸಲುವಾಗೇ ಖಾಲಿ ಇಟ್ಟಿರ್ತೇನಿ.

ಕಷ್ಟ ಬರೋದು ನಡುವಿನ ದಿನಕ್ಕ. ಪಾಟೀ ಸವಾಲಿಗೆ, ಅಂದ್ರ ಸಾಕ್ಷಿ ಹೇಳಿದವ್ರನ್ನ ಎದುರಿನ ವಕೀಲ್ರು ಪ್ರಶ್ನೆ ಕೇಳೋದಕ್ಕ, ರಾತ್ರಿ ಕುಂತು ತಯಾರಿ ಮಾಡ್ಕೊಂಡು, ಪಹಣಿ, ಫೇರ್‌ಫಾರ್ (ಹೊಲದ ಹಕ್ಕು ಬದಲಾದ ದಾಖಲೆ), ವಂಶಾವಳಿ ಎಲ್ಲಾ ಗುರ್ತು ಹಾಕಿಟ್ಟು, ಮುಂಜಾನೆಯಿಂದ ಕೋರ್ಟ್ ಹಾಲ್‌ನ್ಯಾಗ ಕುಂತಾಗ ಎದುರಿನವ್ರು ಒಂದ್ ಅರ್ಜಿ ಕೊಟ್ಟು ಟೈಮ್ ತಗೊಂಡ್ರ, ನನ್ನ ದಿನ ಹೋತಲ್ಲ. ಮುಂದಿನ ತಾರೀಖಿಗೆ ಮತ್ತ ಅಷ್ಟೂ ಓದಬೇಕು. ಅಂಥ ದಿನಕ್ಕ ಅರ್ಧಾ ತಗೊಳ್ಳೋದು ನನಗ ನ್ಯಾಯ ಅನ್ನಸ್ತೈತಿ. ಬ್ಯಾರೆ ವಕೀಲ್ರಿಗೆ ಬ್ಯಾರೆ ಅನ್ನಸಬಹುದು.

ನಿವೃತ್ತ ಶಿರಸ್ತೇದಾರ

ವಕೀಲ ಸಾಹೇಬರು ಸರಿಯಾಗಿ ಹೇಳಿದ್ದಾರೆ. ಬ್ಯಾಡಗಿ ರೈತರು ಕೇಳಿದ 'ಯಾಕ ಮುಂದ ಹೋತು' ಅನ್ನೋದಕ್ಕೆ ನಾನು ಹೇಳ್ತೀನಿ, ಇದು ಕೋರ್ಟ್‌ನಲ್ಲೇ ಕೆಲಸ ಮಾಡಿದವರಿಗೆ ಗೊತ್ತಿರೋ ವಿಷಯ, ಪಾರ್ಟಿಗಳಿಗೆ ಯಾರೂ ಹೇಳಿಕೊಡೋದಿಲ್ಲ.

ಪ್ರತಿ ತಾರೀಖಿನ ದಿನ ಏನಾಯ್ತು ಅನ್ನೋದನ್ನ ಕೇಸ್ ಫೈಲಿನ ಆರ್ಡರ್ ಶೀಟ್‌ನಲ್ಲಿ ಬರೀತಾರೆ. ಅದರ ಸಾರಾಂಶ ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತೆ. ನಿಮ್ಮ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತೆ, ವಕೀಲರ ಕ್ಲರ್ಕ್ ಹತ್ರ ಕೇಳಿದ್ರೆ ಕೊಡ್ತಾರೆ, ಇಲ್ಲಾಂದ್ರೆ ಕೇಸ್ ನಂಬರ್ ಮತ್ತು ವರ್ಷ ಹಾಕಿಯೂ ಹುಡುಕಬಹುದು. ಒಳಗೆ ಕೇಸ್ ಹಿಸ್ಟರಿ ಅಂತ ಇದೆ, ಅಲ್ಲಿ ತಾರೀಖುಗಳ ಪಟ್ಟಿ ಬರುತ್ತೆ, ಒಂದೊಂದು ತಾರೀಖಿನ ಮೇಲೆ ಒತ್ತಿದ್ರೆ ಆ ದಿನದ 'ಬಿಸಿನೆಸ್' ತೆರೆಯುತ್ತೆ. ಸಾಮಾನ್ಯವಾಗಿ ಇಂಗ್ಲಿಷಲ್ಲಿ ಒಂದೇ ಸಾಲು ಇರುತ್ತೆ. 'ಪಿ.ಓ. ಆನ್ ಲೀವ್' ಅಂತಿದ್ರೆ ನ್ಯಾಯಾಧೀಶರು ರಜೆ. 'ಡಿಫೆಂಡೆಂಟ್ ಪ್ರೇಸ್ ಟೈಮ್' ಅಂತಿದ್ರೆ ಎದುರಿನವರು ಟೈಮ್ ಕೇಳಿದ್ದು. 'ಪ್ಲೇಂಟಿಫ್ ಪ್ರೇಸ್ ಟೈಮ್' ಅಂತಿದ್ರೆ ಕೇಳಿದ್ದು ನಮ್ಮ ಕಡೆಯವರೇ. ಅದರ ಕೆಳಗೇ ಮುಂದಿನ ತಾರೀಖು ಯಾತಕ್ಕೆ ಅಂತಲೂ ಇರುತ್ತೆ, ಸಾಕ್ಷಿಗೋ, ಅರ್ಜಿ ವಿಚಾರಣೆಗೋ, ವಾದಕ್ಕೋ ಅಂತ. ಒಂದು ಅರ್ಧ ಗಂಟೆ ಕೂತು ಎಲ್ಲಾ ತಾರೀಖು ತೆಗೆದು ಒಂದು ಹಾಳೆ ಮೇಲೆ ಬರ್ಕೊಳ್ಳಿ. ಆ್ಯಪ್‌ನಲ್ಲಿ ಸರಿಯಾಗಿ ಹಾಕಿರದಿದ್ದರೆ ನಕಲು ಅರ್ಜಿ ಕೊಟ್ಟು ಆರ್ಡರ್ ಶೀಟಿನ ದೃಢೀಕೃತ ಪ್ರತಿ ತಗೋಬಹುದು. ಆ ಹಾಳೆ ಕೈಯಲ್ಲಿದ್ರೆ ವಕೀಲರ ಮುಂದೆ ಅಂಜದೇ ಮಾತಾಡಬಹುದು.

ಹಾವೇರಿ ಟೀಚರ್

ನಮ್ಮ ಮನಿಯವ್ರು ತೀರಿಕೊಂಡ ಮ್ಯಾಲ ಮನಿ ಜಾಗದ ಕೇಸ್ ನಾನ ನಡಸೇನಿ, ಹಂಗಾಗಿ ಹೇಳ್ತೇನಿ. ನಾ ಮೊದಲ ದಿನಾನ ವಕೀಲ್ರಿಗೆ ಹೇಳಿದೆ, ಸರ್, ತಾರೀಖಿನ ಲೆಕ್ಕಾ ಬ್ಯಾಡ, ಹಂತದ ಲೆಕ್ಕಾ ಮಾಡೋಣು ಅಂತ. ದಾವೆ ಹಾಕಿದಾಗ ಇಷ್ಟು, ನನ್ನ ಸಾಕ್ಷಿ ಮತ್ತ ಪಾಟೀ ಸವಾಲು ಮುಗಿದಾಗ ಇಷ್ಟು, ಎದುರಿನವ್ರ ಸಾಕ್ಷಿ ಮುಗಿದಾಗ ಇಷ್ಟು, ವಾದಾ ಮುಗಿದಾಗ ಉಳಿದದ್ದು. ನಡುವ ಅರ್ಜಿಗಿರ್ಜಿ ಬಂದ್ರ ಅದಕ್ಕ ಬ್ಯಾರೆ. ಟೈಪಿಂಗ್, ಝೆರಾಕ್ಸ್, ನೋಟಿಸ್ ಖರ್ಚು ಬ್ಯಾರೆ, ಆದ್ರ ಚೀಟಿ ತೋರಿಸಬೇಕು. ಇದನ್ನೆಲ್ಲಾ ವಕೀಲ್ರ ಎದುರಿಗೇ ಒಂದ್ ಹಾಳಿ ಮ್ಯಾಲ ಬರದು ಇಬ್ರೂ ಸಹಿ ಮಾಡಿದ್ವಿ. ಅವ್ರು ಬ್ಯಾಸರಾ ಮಾಡ್ಕೊಳ್ಳಿಲ್ಲ. ಬದಲಿಗೆ ಛಲೋ ಆತು ಅಂದ್ರು, ಪ್ರತಿ ಸಲ ರೊಕ್ಕದ ಮಾತಾಡೋದು ಅವ್ರಿಗೂ ಮುಜುಗರ.

ಇದ್ರಾಗ ಇನ್ನೊಂದ್ ಲಾಭ ಐತಿ. ತಾರೀಖಿಗೆ ರೊಕ್ಕ ಅಂದ್ರ ತಾರೀಖು ಹೆಚ್ಚಾದಷ್ಟೂ ರೊಕ್ಕ. ಹಂತಕ್ಕ ರೊಕ್ಕ ಅಂದ್ರ ಹಂತ ಮುಗಿಸೋ ಕಡೆ ಲಕ್ಷ್ಯ ಇರ್ತೈತಿ. ವಕೀಲ್ರು ಕೆಟ್ಟವ್ರು ಅಂತಲ್ಲ, ಲೆಕ್ಕಾ ಹಂಗ ಇದ್ರ ಯಾರಿಗಾದ್ರೂ ಅವಸರಾ ಇರಂಗಿಲ್ಲ.

ರಾಣೆಬೆನ್ನೂರು ಬೀಜದಂಗಡಿ

ನಂದು ಚೆಕ್ ಬೌನ್ಸ್ ಕೇಸ್, ನಾನೇ ಆರೋಪಿ ಸ್ಥಾನದಲ್ಲಿದೀನಿ. ಅಂಗಡಿ ಬಿಟ್ಟು ಪ್ರತಿ ತಾರೀಖಿಗೂ ಹೋಗೋಕಾಗಲ್ಲ ಅಂತ ವಕೀಲ್ರು ಎಕ್ಸೆಂಪ್ಷನ್ ಅರ್ಜಿ ಹಾಕ್ತಾರೆ, ಆ ದಿನ ಕೇಸ್ ಮುಂದೆ ಹೋದ್ರೂ ಅರ್ಜಿ ಹಾಕಿದ್ದಕ್ಕೆ ಫೀ ಕೊಡ್ತೀನಿ, ಯಾಕಂದ್ರೆ ಅರ್ಜಿ ಇಲ್ದೇ ಗೈರಾದ್ರೆ ವಾರಂಟ್ ಬರುತ್ತೆ. ಹೊರಗಿಂದ ನೋಡಿದ್ರೆ 'ಏನೂ ಆಗಿಲ್ಲ' ಅನ್ಸೋ ದಿನದಲ್ಲೂ ಕೆಲಸ ಆಗಿರುತ್ತೆ, ಅದನ್ನೂ ಲೆಕ್ಕಕ್ಕೆ ತಗೋಬೇಕು.

ಬ್ಯಾಡಗಿ ರೈತ

ಅದು ಖರೆ. ಆದ್ರ ವಕೀಲರೆಲ್ಲಾ ಸೇರಿ ಕಲಾಪಕ್ಕ ಹೋಗಂಗಿಲ್ಲ ಅಂತ ಹೊರಗುಳಿದ ದಿನಕ್ಕೂ ರೊಕ್ಕ ಕೇಳಿದ್ರಲ್ರಿ ನಮ್ಮ ಕಡೆ. ಅದಕ್ಕೇನಂತೀರಿ ವಕೀಲ್ರ?

ಕಪ್ಪುಕೋಟು ಧಾರವಾಡ

ಕೇಳಬಾರ್ದು. ವಕೀಲ್ರಿಗೆ ಮುಷ್ಕರದ ಹಕ್ಕು ಇಲ್ಲ ಅಂತ ಸುಪ್ರೀಂ ಕೋರ್ಟ್ 2002ರಾಗ ಹರೀಶ್ ಉಪ್ಪಲ್ ಪ್ರಕರಣದಾಗ ಹೇಳೇತಿ. ಹೊರಗುಳಿಯಾಕ ನಮಗ ನಮ್ಮ ಕಾರಣ ಇರಬಹುದು, ಅದರ ಖರ್ಚು ಪಾರ್ಟಿ ತಲಿ ಮ್ಯಾಲ ಹಾಕೋದು ನ್ಯಾಯ ಅಲ್ಲ, ಇದನ್ನ ನಮ್ಮವ್ರ ಮುಂದೂ ಹೇಳೇನಿ.

ಶಿರಸ್ತೇದಾರ ಸರ್ ಹೇಳಿದ ಪಟ್ಟಿ ಮಾಡೋದು ಫೀ ಮಾತಾಡಾಕಷ್ಟ ಅಲ್ಲ, ಕೇಸಿಗೂ ಉಪಯೋಗ ಆಗ್ತೈತಿ. ಸಿಪಿಸಿ (ಸಿವಿಲ್ ಕೇಸ್ ನಡಸೋ ಕಾಯ್ದೆ) ಆರ್ಡರ್ 17 ರೂಲ್ 1ರ ಪ್ರಕಾರ ದಾವೆ ವಿಚಾರಣೆ ನಡದಾಗ ಒಬ್ಬ ಪಾರ್ಟಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರ್ದು. ಈ ಮಿತಿ 2002ರಿಂದ ಜಾರಿಯೊಳಗೈತಿ. ಕೈ ಮೀರಿದ ಕಾರಣ ಇದ್ರ ಕೊಡಬಹುದು ಅಂತ 2005ರಾಗ ಸುಪ್ರೀಂ ಕೋರ್ಟ್ ಸ್ವಲ್ಪ ಸಡಿಲ ಮಾಡೇತಿ, ಹಂಗಾಗಿ ಮೂರಕ್ಕ ನಿಂತೇ ಬಿಡ್ತೈತಿ ಅಂತ ತಿಳ್ಕೋಬ್ಯಾಡ್ರಿ. ಆದ್ರ ಅದ ರೂಲ್‌ನ್ಯಾಗ ಎರಡ ಮಾತು ಅದಾವು, ಪಾರ್ಟಿ ಆದವ್ರು ನೆನಪಿಡಬೇಕು. ಒಂದು, ವಕೀಲ್ರು ಬ್ಯಾರೆ ಕೋರ್ಟ್‌ನ್ಯಾಗ ಅದಾರ ಅನ್ನೋದು ಮುಂದೂಡಾಕ ಕಾರಣ ಆಗಂಗಿಲ್ಲ. ನಿಮ್ಮ ವಕೀಲ್ರ ಹೈಕೋರ್ಟ್ ಕೆಲ್ಸಾನೂ ಅದರಾಗ ಬಂತು. ಎರಡು, ಮುಂದೂಡಿದಾಗ ಆದ ಖರ್ಚು ಯಾರು ಕೊಡಬೇಕು ಅಂತ ಕೋರ್ಟ್ ಆದೇಶ ಮಾಡಬೇಕು. ಅಂದ್ರ ನಿಮ್ಮ ಮಾವನ ಕಡೆಯವ್ರು ಮತ್ತ ಮತ್ತ ಟೈಮ್ ಕೇಳಿದ್ರ, ಕಾಸ್ಟ್ (ಆ ಖರ್ಚಿನ ರೊಕ್ಕ) ಹಾಕ್ರಿ ಅಂತ ನಿಮ್ಮ ವಕೀಲ್ರು ಎದ್ದು ನಿಂತು ಕೇಳಬೇಕು. ಕೋರ್ಟ್ ಹಾಕೋದು ಸಣ್ಣ ಮೊತ್ತ ಇರಬಹುದು, ಆದ್ರ ಸಿಪಿಸಿ ಕಲಂ 35-ಬಿ ಪ್ರಕಾರ ಹಾಕಿದ ಕಾಸ್ಟ್ ಮುಂದಿನ ತಾರೀಖಿಗೆ ಕೊಡದಿದ್ರ ಅವ್ರು ತಮ್ಮ ಡಿಫೆನ್ಸ್ ಮುಂದುವರಸಾಕ ಬರಂಗಿಲ್ಲ. ಆ ಅಂಜಿಕಿಗೇ ಅರ್ಧಾ ತಾರೀಖು ಕಮ್ಮಿ ಆಗ್ತಾವು.

ಕ್ರಿಮಿನಲ್ ಕೇಸ್‌ನ್ಯಾಗೂ ಹಿಂಥಾದ್ದ ಐತಿ. 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸ್ ನಡಸೋ ಹೊಸಾ ಕಾಯ್ದೆ) ಕಲಂ 346ರಾಗ, ಪಾರ್ಟಿ ಕೈ ಮೀರಿದ ಕಾರಣ ಇದ್ರೂ ಎರಡಕ್ಕಿಂತ ಹೆಚ್ಚು ಮುಂದೂಡಿಕೆ ಬ್ಯಾಡ ಅಂತೈತಿ.

ಮುಳಗುಂದ ಕಡೆಯವ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಿನ್ನೆ ರಾತ್ರಿ ಆ್ಯಪ್ ತಗದು ಅವ್ವನ ಪಕ್ಕ ಕುಂದ್ರಿಸ್ಕೊಂಡು ಒಂದೊಂದ ತಾರೀಖು ಓದಿ ಹೇಳಿದೆ. ನೋಡಿದ್ರ ಜಡ್ಜ್ ರಜಾ ಇದ್ದದ್ದು ನಾವಂದುಕೊಂಡಷ್ಟು ಇಲ್ಲ, ಹೆಚ್ಚಿನವು ಮಾವನ ಕಡೆಯವ್ರು ಟೈಮ್ ಕೇಳಿದ್ದು. ನಮ್ಮ ಕಡೆ ಟೈಮ್ ಕೇಳಿದ್ದೂ ಅದಾವು, ಅವು ನಾವು ಕೇಳಿದ್ದಲ್ಲ. ಒಂದ್ ತಾರೀಖಿನ್ಯಾಗ ಸಣ್ಣ ಮಾವ ತೀರಿಕೊಂಡದ್ದಕ್ಕ ಅವ್ರ ಹೆಂಡ್ತಿ ಮಕ್ಕಳನ್ನ ಕೇಸಿಗೆ ತರಾಕ ನಮ್ಮ ವಕೀಲ್ರು ಅರ್ಜಿ ಹಾಕ್ಯಾರ, ಅದು ನಮಗ ಗೊತ್ತ ಇರಲಿಲ್ಲ, ಆ ದಿನಾನೂ ಸುಮ್ನ ಮುಂದ ಹೋತು ಅಂತ ತಿಳ್ಕೊಂಡಿದ್ವಿ. ಅವ್ವ ಅದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ನಾದ್ಲು, ತಮ್ಮನ ಹೆಸರು ಬಂತಲ್ಲ.

ಈಗ ಹೆಂಗ ಮಾತಾಡ್ಲಿ? ಹೋದ ರೊಕ್ಕ ವಾಪಸ್ ಕೇಳೋದಾ ಇಲ್ಲಾ ಮುಂದಿಂದಷ್ಟ ಮಾತಾಡೋದಾ?

ನಿವೃತ್ತ ಶಿರಸ್ತೇದಾರ

ಆ ಅರ್ಜಿ ಬಹಳ ದೊಡ್ಡ ಕೆಲಸ. ಪಾರ್ಟಿ ತೀರಿಹೋದ್ರೆ 90 ದಿನದೊಳಗೆ ವಾರಸುದಾರರನ್ನ ತರದಿದ್ರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತೆ. ನಿಮ್ಮ ವಕೀಲರು ಕೇಸನ್ನ ಕೈಬಿಟ್ಟಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಆ ದಿನದ ಫೀ ಬಗ್ಗೆ ಮಾತೇ ಎತ್ತಬೇಡಿ.

ಹಾವೇರಿ ಟೀಚರ್

ತಮ್ಮಾ, ಕೋರ್ಟ್ ಆವಾರದಾಗ ನಿಂತು ಮಾತಾಡಬ್ಯಾಡ, ಅಲ್ಲಿ ಅವ್ರಿಗೆ ಪುರಸೊತ್ತ ಇರಂಗಿಲ್ಲ, ನಾಲ್ಕ ಮಂದಿ ಮುಂದ ರೊಕ್ಕದ ಮಾತು ಬಂದ್ರ ಸಿಟ್ಟು ಬರೋದ ಸಹಜ. ಸಂಜಿಕ ಆಫೀಸಿಗೆ ಹೋಗು, ಅವ್ವನ್ನೂ ಕರ್ಕೊಂಡು ಹೋಗು. ಮೊದಲ ಆ ಅರ್ಜಿ ವಿಷಯ ಹೇಳಿ ಛಲೋ ಮಾಡಿದ್ರಿ ಸಾಹೇಬ್ರ ಅನ್ನು. ಆಮ್ಯಾಲ ಪಟ್ಟಿ ಇಡು. ಹಿಂದಿಂದು ನೀವ ನೋಡಿ ಹೇಳ್ರಿ ಅಂತ ಅವ್ರಿಗೇ ಬಿಡು, ಮುಂದಿಂದಕ್ಕ ಮಾತ್ರ ಗಟ್ಟಿ ನಿಲ್ಲು.

ಹಳೇಹುಬ್ಬಳ್ಳಿ

ಕನ್ಸ್ಯೂಮರ್ ಕೋರ್ಟ್ ವಿಷಯ ನನಗ ಹೊಸಾದು, ತಿಳಿಸಿದ್ದಕ್ಕ ಥ್ಯಾಂಕ್ಸ್ ವಕೀಲ್ರ. ಇನ್ನೊಂದ್ ಕೇಳ್ತೇನಿ. ನಮ್ಮ ಕಾಕಾಗ ಅವ್ರ ವಕೀಲ್ರು, ಫೀ ಈಗ ಬ್ಯಾಡ, ಗೆದ್ದ ಮ್ಯಾಲ ಹೊಲದಾಗ ನಾಲ್ಕ ಗುಂಟೆ ಕೊಡ್ರಿ ಅಂದಾರಂತ. ಇದು ನಡೀತೈತೇನು? ಮತ್ತ ಫೀ ಬಾಕಿ ಐತಿ ಅಂತ ಫೈಲ್ ಹಿಡಿದಿಟ್ಟುಕೊಂಡ್ರ ಏನ್ ಮಾಡೋದು?

ಕಪ್ಪುಕೋಟು ಧಾರವಾಡ

ಹೊಲದ ಮಾತಿಗೆ ಕಾಕಾರು ಒಪ್ಪಬಾರ್ದು. ಗೆದ್ರ ಇಷ್ಟು ಪಾಲು ಅಂತ ಫೀ ಮಾತಾಡೋದು ಬಾರ್ ಕೌನ್ಸಿಲ್ ನಿಯಮ 20ಕ್ಕ ವಿರುದ್ಧ, 2017ರಾಗ ಬಿ. ಸುನೀತಾ ಪ್ರಕರಣದಾಗ ಸುಪ್ರೀಂ ಕೋರ್ಟ್ ಅದನ್ನ ಮತ್ತ ಗಟ್ಟಿ ಮಾಡೇತಿ. ಇಂಥಾದ್ದು ಖರೇನ ಪರಿಷತ್ತಿಗೆ ದೂರು ಕೊಡೋ ವಿಷಯ.

ಫೈಲ್ ಹಿಡಿದಿಡಾಕ ಬರಂಗಿಲ್ಲ. 2000ನೇ ಇಸವಿ ಆರ್.ಡಿ. ಸಕ್ಸೇನಾ ಪ್ರಕರಣದಾಗ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳೇತಿ, ಬಾಕಿ ಫೀ ವಸೂಲಿಗೆ ವಕೀಲ್ರು ಬ್ಯಾರೆ ದಾರಿ ಹಿಡೀಬೇಕು, ಪಾರ್ಟಿ ಕಾಗದಪತ್ರ ಅಡ ಇಟ್ಟುಕೊಳ್ಳಾಕ ಬರಂಗಿಲ್ಲ. ವಕೀಲ್ರನ್ನ ಬದಲಿಸಬೇಕಂದ್ರ ರೂಢಿ ಪ್ರಕಾರ ಹಳೇ ವಕೀಲ್ರ ಎನ್‌ಓಸಿ (ತಕರಾರಿಲ್ಲ ಅನ್ನೋ ಪತ್ರ) ತಗೋತಾರ, ಕೊಡದಿದ್ರ ಕೋರ್ಟ್ ಅನುಮತಿ ಕೇಳಿ ಸಿಪಿಸಿ ಆರ್ಡರ್ 3 ರೂಲ್ 4ರಾಗ ಹಳೇ ವಕಾಲತ್ತು ಮುಗಸಬಹುದು. ವಕೀಲ್ರ ತಾವಾಗೇ ಕೇಸ್ ಬಿಟ್ರ, ಕೆಲ್ಸಾ ಆಗದ ಭಾಗದ ಫೀ ವಾಪಸ್ ಕೊಡಬೇಕು, ಅದು ಬಾರ್ ಕೌನ್ಸಿಲ್ ನಿಯಮ 12.

ಮುಳಗುಂದ ಕಡೆಯವ

ಹೋಗಿ ಬಂದ್ವಿ. ಅಕ್ಕಾರು ಹೇಳಿದಂಗ ಸಂಜಿಕ ಆಫೀಸಿಗೆ. ವಕೀಲ್ರು ಪಟ್ಟಿ ಪೂರ್ತಿ ಓದಿದ್ರು, ಕ್ಲರ್ಕನ್ನ ಕರದು ಡೈರಿ ತರ್ಸಿ ತಾಳೆ ನೋಡಿದ್ರು. ಹೈಕೋರ್ಟ್ ಕೆಲಸಕ್ಕ ತಾವು ಬರದ ದಿನದ ಫೀ ಕ್ಲರ್ಕ್ ತಗೊಂಡದ್ದು ತಮಗ ಗೊತ್ತಿರಲಿಲ್ಲ ಅಂದ್ರು, ಅಷ್ಟನ್ನ ಮುಂದಿಂದ್ರಾಗ ಮುರ್ಕೊಳ್ಳಾಕ ಒಪ್ಪಿದ್ರು. ಎದುರಿನವ್ರು ಟೈಮ್ ತಗೊಂಡ ದಿನದ್ದು ಬಿಡಲಿಲ್ಲ, ನಾ ತಯಾರಾಗಿ ಬಂದಿದ್ನಲ್ಲಪ್ಪ ಅಂದ್ರು, ನನಗೂ ಅದು ಸರಿ ಅನ್ನಿಸ್ತು. ಮುಂದ ಅವ್ವನ ಪಾಟೀ ಸವಾಲು ಮುಗಿಯೋತನಕ 8 ಸಾವಿರ, ತಾರೀಖು ಎಷ್ಟಾದ್ರೂ ಆಗ್ಲಿ. ಮಾವನ ಕಡೆಯವ್ರು ಮತ್ತ ಟೈಮ್ ಕೇಳಿದ್ರ ಕಾಸ್ಟ್ ಕೇಳ್ತೇನಿ ಅಂತನೂ ಅಂದಾರ.

ಆದ್ರ 8 ಸಾವಿರ ಈಗ ನಮಗ ಭಾರಾನ ಐತಿ, ಅವ್ವನ ಹೆಸರಿಗೆ ಆದಾಯ ಅಂತ ಏನೂ ಇಲ್ಲ. ಸರ್ಕಾರಿ ವಕೀಲ್ರು ಸಿಗ್ತಾರ ಅಂತಾರಲ್ಲ, ನಡುವ ಸಿಗ್ತಾರೇನ್ರಿ?

ನಿವೃತ್ತ ಶಿರಸ್ತೇದಾರ

ಸಿಗ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕಲಂ 12ರಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೇ ಉಚಿತ ಕಾನೂನು ನೆರವಿದೆ, ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಕೇಸ್ ಯಾವ ಹಂತದಲ್ಲಿದ್ರೂ ಅರ್ಜಿ ಕೊಡಬಹುದು. ಗದಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಿಮ್ಮ ತಾಯಿಯವರ ಆಧಾರ್ ಮತ್ತು ಕೇಸಿನ ಕಾಗದ ತಗೊಂಡು ಹೋಗಿ, ಅಥವಾ ಮೊದಲು 15100ಕ್ಕೆ ಫೋನ್ ಮಾಡಿ ಕೇಳಿ. ಅವರು ಕೊಡೋ ಪ್ಯಾನೆಲ್ ವಕೀಲರು ನಿಮ್ಮಿಂದ ಒಂದು ರೂಪಾಯಿ ಫೀ ತಗೊಳ್ಳೋ ಹಾಗಿಲ್ಲ. ಆದ್ರೆ ಒಂದು ಮಾತು ಯೋಚನೆ ಮಾಡಿ, ಪಾಟೀ ಸವಾಲಿನ ಬಾಗಿಲಿಗೆ ಬಂದಾಗ ವಕೀಲರನ್ನ ಬದಲಿಸಿದ್ರೆ ಹೊಸಬರು ಫೈಲ್ ಓದೋಕೆ ಟೈಮ್ ಕೇಳ್ತಾರೆ, ಆ ಮುಂದೂಡಿಕೆ ನಿಮ್ಮ ಲೆಕ್ಕಕ್ಕೇ ಬರುತ್ತೆ.

ಹಾವೇರಿ ಟೀಚರ್

ಇದ್ದ ವಕೀಲ್ರು ಲೆಕ್ಕಾ ತೋರ್ಸಿ ಮುರ್ಕೊಳ್ಳಾಕ ಒಪ್ಪ್ಯಾರಂದ್ರ ಅವ್ರನ್ನ ಬಿಡಬ್ಯಾಡ ತಮ್ಮಾ. 8 ಸಾವಿರಾನ ಎರಡ ಕಂತಿನ್ಯಾಗ ಕೊಡ್ತೇವಿ ಅಂತ ಕೇಳು, ಒಪ್ತಾರ. ಕೊಟ್ಟಾಗೊಮ್ಮೆ ರಶೀದಿ ತಗೋ, ಯುಪಿಐ ಮಾಡಿದ್ರ ಕೆಳಗ ಕೇಸ್ ನಂಬರ್ ಬರದು ಹಾಕು.

ಮುಳಗುಂದ ಕಡೆಯವ

ಹಂಗ ಮಾಡ್ತೇನ್ರಿ ಅಕ್ಕಾರ. ಮೊದಲ 15100ಕ್ಕ ಫೋನ್ ಮಾಡಿ ವಿಚಾರಸ್ತೇನಿ, ದೊಡ್ಡ ಮಾವನ ಮಗಾ ಲೋಕ್ ಅದಾಲತ್‌ನ್ಯಾಗ ಮುಗಸೋಣೇನು ಅಂತ ಅವ್ವಗ ಒಂದ್ ಸಲ ಅಂದಿದ್ನಂತ, ಅದನ್ನೂ ಅಲ್ಲೇ ಕೇಳ್ತೇನಿ.

ಕಪ್ಪುಕೋಟು ಧಾರವಾಡ

ಲೋಕ್ ಅದಾಲತ್‌ನ್ಯಾಗ ರಾಜಿ ಆದ್ರ ಅದರ ಮ್ಯಾಲ ಅಪೀಲು ಇರಂಗಿಲ್ಲ. ಹಂಗಾಗಿ ಅವ್ವಾರು ಸಹಿ ಮಾಡೋ ಮೊದಲ ಸರ್ವೇ ನಂಬರ್, ಚಕ್ಕುಬಂದಿ, ಎಕರೆ-ಗುಂಟೆ ಮೂರೂ ಪಹಣಿಗೆ ತಾಳೆ ಹಾಕಿ ನೋಡ್ರಿ, ದಾರಿ ಯಾವ ಕಡೆಯಿಂದ ಅಂತನೂ ರಾಜಿ ಪತ್ರದಾಗ ಬರಸ್ರಿ.